ಮುಟ್ಟಿಯೂ ಮುಟ್ಟದ ಲೋಹಗಳು

ತುಮಕೂರಿನ ಕಡೆಯ ವಾಚಕ ಮಹಾಶಯರೊಬ್ಬರು ಬರೆದಿರುವ ಕಾಗದದಲ್ಲಿ ಪ್ರಶ್ನೆಗಿಂತ ವ್ಯಥೆಯೇ ಅಧಿಕವಾಗಿದೆ. ಅವರ ಮಗ ಐಟಿಐಯಲ್ಲಿ ಫಿಟ್ಟರ್ ಶಿಕ್ಷಣವನ್ನು ಮುಗಿಸಿ, ಬೆಂಗಳೂರಿನ ಪೀಣ್ಯದಲ್ಲಿ ವಿದ್ಯುತ್ ಕನೆಕ್ಟರುಗಳನ್ನು ತಯಾರಿಸುವ ಕಾರ್ಖಾನೆಯೊಂದರ ಮೋಲ್ಡಿಂಗ್ ವಿಭಾಗಕ್ಕೆ ಸೇರಲು ಹೊರಟಿದ್ದಾನೆ, ನೆಂಟರಿಷ್ಟರು ಮಾತ್ರ “ಇಷ್ಟು ಓದಿದ್ದು ಪ್ಲಾಸ್ಟಿಕ್ ಡಬ್ಬಿ ಒತ್ತುವುದಕ್ಕೋ?” ಎಂದು ಹೋದಲ್ಲಿ ಬಂದಲ್ಲಿ ಮೂದಲಿಸುತ್ತಿದ್ದಾರೆ, ಈ ಕಸುಬಿನಲ್ಲಿ ವಿದ್ಯೆ ಎಂಬುದು ಏನಾದರೂ ಉಂಟೇ ಎಂಬುದು ಅವರ ಜಿಜ್ಞಾಸೆ. ಕಾಗದದ ಕೊನೆಯಲ್ಲಿ, ಕಾರ್ಖಾನೆಗೂ ಮಗನಿಗೂ ಸಂಬಂಧವಿಲ್ಲದ ವಿಷಯವೆಂಬಂತೆ, ತಮ್ಮ ಮನೆಯ ಮಿಕ್ಸಿಯ ಪ್ಲಗ್ಗು ಪದೇ ಪದೇ ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗಿರುವುದೇಕೆಂದೂ ಕೇಳಿದ್ದಾರೆ. ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಆಗಿರುವುದರಿಂದ ನಾನು ಎರಡನೆಯದರಿಂದಲೇ ಆರಂಭಿಸುತ್ತೇನೆ.

ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಪ್ಲಗ್ಗು, ಸ್ಕೂಟರಿನ ದೀಪದ ಹಿಂದೆ ಅವಿತಿರುವ ಬಿಳಿಯ ಕೊಂಡಿ, ಮೊಬೈಲಿಗೆ ಚಾರ್ಜು ತುಂಬುವ ತಂತಿಯ ತುದಿ, ವಿಮಾನದ ಒಡಲಿನಲ್ಲಿ ಹತ್ತಾರು ಪಿನ್ನುಗಳನ್ನು ಹೊತ್ತ ದುಂಡನೆಯ ಜೋಡಣೆ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಎಲ್ಲದರಲ್ಲಿಯೂ ಲೋಹದ ಒಂದು ಪಿನ್ನು, ಅದನ್ನು ಅಪ್ಪಿ ಹಿಡಿಯುವ ಲೋಹದ ಒಂದು ಗೂಡು, ಇವೆರಡನ್ನೂ ಸ್ಥಾನಪಲ್ಲಟವಾಗದಂತೆ ಕಾಯುವ ಪ್ಲಾಸ್ಟಿಕ್ಕಿನ ಕವಚ, ಇಷ್ಟೇ ಇರುವುದು. ನಾನು ಬಾಲಕನಾಗಿದ್ದಾಗ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸಡಿಲವಾದೊಡನೆ ನಮ್ಮ ತಂದೆಯವರು ಅದರ ಹಿತ್ತಾಳೆಯ ಪಿನ್ನಿನಲ್ಲಿದ್ದ ಸೀಳಿಗೆ ಚಾಕುವಿನ ತುದಿಯನ್ನು ತೂರಿಸಿ ಕೊಂಚ ಅಗಲಿಸುತ್ತಿದ್ದರು. ಆ ಸೀಳಿನಿಂದಲೇ, ನಲ್ಲಿಯ ಬಾಯಿಂದ ನೀರು ಬರುವಂತೆ, ಕರೆಂಟು ಹೊರಬರುತ್ತದೆಂದು ನಾವು ಹುಡುಗರು ದೃಢವಾಗಿ ನಂಬಿದ್ದೆವು. ಸೀಳು ಇರುವುದು ಪಿನ್ನಿಗೆ ಸ್ಪ್ರಿಂಗಿನ ಗುಣ ಬರಲೆಂದು. ತಂದೆಯವರು ಅರಿಯದೆಯೇ ವಿಜ್ಞಾನಸಮ್ಮತವಾದ ಚಿಕಿತ್ಸೆಯನ್ನು ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಪಿನ್ನು ಗೂಡಿನೊಳಗೆ ಬಿಗಿಯಾಗಿ ಕುಳಿತಾಗ ಲೋಹವು ಲೋಹವನ್ನು ಮೈತುಂಬ ಮುಟ್ಟಿದೆ ಎಂದು ನಾವು ಭಾವಿಸುತ್ತೇವಷ್ಟೆ. ಇದು ವಿದ್ಯಾವಂತರಲ್ಲಿಯೂ ಬೇರೂರಿರುವ ಒಂದು ಭ್ರಾಂತಿ. ಎಷ್ಟೇ ನುಣುಪಾಗಿ ಉಜ್ಜಿ ಹೊಳಪಿಸಿದ ಲೋಹವನ್ನಾದರೂ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಅಲ್ಲಿ ಏರುತಗ್ಗುಗಳ ಸಾಲು ಸಾಲೇ ಕಾಣುತ್ತದೆ. ಎರಡು ಹಲಸಿನ ಹಣ್ಣುಗಳನ್ನು ಒಂದಕ್ಕೊಂದು ಒತ್ತಿ ಇಟ್ಟರೆ ದೂರದಿಂದ ನೋಡುವವನಿಗೆ ಅವು ತಬ್ಬಿಕೊಂಡಂತೆ ತೋರಬಹುದು. ಆದರೆ ನಿಜವಾಗಿ ಅಲ್ಲಿ ತಾಗಿರುವುದು ಇದರ ನಾಲ್ಕು ಮುಳ್ಳಿನ ತುದಿಗೆ ಅದರ ನಾಲ್ಕು ಮುಳ್ಳಿನ ತುದಿ, ಉಳಿದ ಮೈಯೆಲ್ಲ ಗಾಳಿಗೆ ಬಿಟ್ಟದ್ದು. ಪಿನ್ನಿಗೂ ಗೂಡಿಗೂ ಇರುವ ಸಂಬಂಧ ಇಂಥದೇ. ಮನೆಯ ದೀಪ ಉರಿಯುವುದೂ, ಮಿಕ್ಸಿ ತಿರುಗುವುದೂ, ವಿಮಾನದ ಚಾಲಕನಿಗೆ ಎತ್ತರ ಎಷ್ಟೆಂದು ತಿಳಿಯುವುದೂ ಈ ಮುಳ್ಳಿನ ತುದಿಗಳ ಮೂಲಕ ನುಸುಳಿಬಂದ ವಿದ್ಯುತ್ತಿನಿಂದ.

ಈ ಸತ್ಯವನ್ನು ಗಣಿತದ ಕಟ್ಟಿನೊಳಗೆ ತಂದವರಲ್ಲಿ ಅಗ್ರಗಣ್ಯರು ಸ್ವೀಡನ್ನಿನವರಾದ ರಾಗ್ನಾರ್ ಹೋಮ್ ಎಂಬ ಭೌತವಿಜ್ಞಾನಿ. ಜರ್ಮನಿಯ ಸೀಮೆನ್ಸ್ ಸಂಸ್ಥೆಯಲ್ಲಿಯೂ, ಆಮೇಲೆ ಅಮೆರಿಕದಲ್ಲಿಯೂ, ಲೋಹಗಳು ಒಂದನ್ನೊಂದು ಮುಟ್ಟುವುದೆಂದರೇನು ಎಂಬ ಒಂದೇ ಪ್ರಶ್ನೆಯನ್ನು ಬೆನ್ನಟ್ಟಿ ಜೀವಮಾನವನ್ನೇ ಸವೆಸಿದ ಈ ಮಹಾನುಭಾವರ ಹೆಸರಿನಲ್ಲಿ ವಿದ್ಯುತ್ ಸಂಪರ್ಕಗಳ ವಿದ್ವಾಂಸರು ಇಂದಿಗೂ ಸಮ್ಮೇಳನ ಸೇರುತ್ತಾರೆ. ಅವರ ವಿಚಾರಸರಣಿಯಿಂದ ಒಂದು ಚಿಕ್ಕ ಲೆಕ್ಕವನ್ನು ತೆಗೆಯಬಹುದು. ಚಿನ್ನದ ಲೇಪವಿರುವ ಎರಡು ಲೋಹದ ಮೈಗಳನ್ನು ನೂರು ಗ್ರಾಂ ಭಾರದಷ್ಟು ಬಲದಿಂದ ಒತ್ತಿ ಹಿಡಿದರೆ, ಅವು ವಾಸ್ತವವಾಗಿ ಮುಟ್ಟುವ ಜಾಗವೆಲ್ಲವನ್ನೂ ಒಟ್ಟುಗೂಡಿಸಿದರೂ ಒಂದು ಚದರ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ರಾಗಿಕಾಳಿನ ಮುಖವನ್ನು ಸಾವಿರ ಹೋಳು ಮಾಡಿದರೆ ಅದರಲ್ಲಿ ಒಂದು ಹೋಳಿಗೂ ಇದು ಸಮನಾಗದು. ಇದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ: ಪಿನ್ನನ್ನು ಎರಡು ಪಟ್ಟು ದಪ್ಪಗೆ ಮಾಡಿದರೂ ಮುಟ್ಟುವ ಜಾಗ ಹೆಚ್ಚುವುದಿಲ್ಲ. ಅದು ಅವಲಂಬಿಸಿರುವುದು ಎಷ್ಟು ಬಲದಿಂದ ಒತ್ತಿದ್ದೀರಿ, ಲೋಹ ಎಷ್ಟು ಮೆತ್ತಗಿದೆ ಎಂಬ ಎರಡನ್ನೇ. ಒತ್ತಿದಂತೆಲ್ಲ ಮುಳ್ಳಿನ ತುದಿಗಳು ಚಪ್ಪಟೆಯಾಗುತ್ತವೆ, ಹೊಸ ಮುಳ್ಳುಗಳು ತಾಗುತ್ತವೆ, ದಾರಿ ಅಗಲವಾಗುತ್ತದೆ. ಚಾಕುವಿನಿಂದ ಸೀಳನ್ನು ಅಗಲಿಸಿದ ನಮ್ಮ ತಂದೆಯವರ ಚಿಕಿತ್ಸೆಯ ಮರ್ಮ ಇದು.

ಮಿಕ್ಸಿಯ ಪ್ಲಗ್ಗಿನ ರೋಗನಿದಾನವೂ ಇಲ್ಲಿಯೇ ದೊರೆಯುತ್ತದೆ. ಗೂಡಿನ ಸ್ಪ್ರಿಂಗು ವಯೋಧರ್ಮದಿಂದ ಸೋತು ಹಿಡಿತ ಸಡಿಲವಾದೊಡನೆ ತಾಗುವ ಚುಕ್ಕೆಗಳು ಕಡಿಮೆಯಾಗುತ್ತವೆ. ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವ ವಿದ್ಯುತ್ತು ಶಾಖವನ್ನು ಹುಟ್ಟಿಸುತ್ತದೆ. ಶಾಖದಿಂದ ಸ್ಪ್ರಿಂಗು ಮತ್ತಷ್ಟು ಸೋಲುತ್ತದೆ, ಲೋಹದ ಮೇಲೆ ಕಿಲುಬು ಕಟ್ಟುತ್ತದೆ, ಶಾಖ ಇನ್ನೂ ಏರುತ್ತದೆ. ಈ ಚಕ್ರ ಒಮ್ಮೆ ಉರುಳಲಾರಂಭಿಸಿದರೆ ಪ್ಲಾಸ್ಟಿಕ್ಕು ಕರಗುವವರೆಗೂ ನಿಲ್ಲುವುದಿಲ್ಲ. ಹೀಗಿರುವಾಗ, ಪ್ಲಗ್ಗನ್ನೇ ಕಿತ್ತೆಸೆದು ಬರಿಯ ತಂತಿಯ ತುದಿಗಳನ್ನು ಸಾಕೆಟ್ಟಿನೊಳಕ್ಕೆ ತುರುಕಿ, ಜಾರದಿರಲೆಂದು ಎರಡು ಬೆಂಕಿಕಡ್ಡಿಗಳನ್ನು ಸಿಕ್ಕಿಸುವ ಸಾಹಸಿಗಳಿಗೆ ಏನನ್ನು ಹೇಳೋಣ! ಕಡ್ಡಿಯನ್ನು ಇಟ್ಟಿರುವ ಸ್ಥಳವಾದರೋ ಅದರ ಹೆಸರಿಗೆ ಅನ್ವರ್ಥವಾಗಿದೆ ಎಂದಷ್ಟೇ ಹೇಳಬಹುದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಆಡದೆ ಇರಲಾರೆ. ಆಯುಧಪೂಜೆಯ ಬಗ್ಗೆ ನನಗೆ ಗೌರವವಿದೆ. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ಒರೆಸಿ ತೊಳೆದು ಅದಕ್ಕೆ ಕೈಮುಗಿಯುವ ಸಂಪ್ರದಾಯ ಸುಂದರವಾದದ್ದು. ಆದರೆ ಅರಿಶಿನ ಕುಂಕುಮಗಳನ್ನು ಸ್ವಿಚ್ಚುಬೋರ್ಡಿಗೂ, ಪ್ಲಗ್ಗಿನ ಬಾಯಿಗೂ, ಕಂಟ್ರೋಲ್ ಪ್ಯಾನೆಲ್ಲಿನ ಸಂದಿಗೂ ಧಾರಾಳವಾಗಿ ಎರಚಿ, ಮೇಲೆ ನೀರು ಪ್ರೋಕ್ಷಿಸುವ ಭಕ್ತಿ ಯಂತ್ರಕ್ಕೆ ಹಿತವಲ್ಲ. ಸಾವಿರದಲ್ಲೊಂದು ಚದರ ಮಿಲಿಮೀಟರಿನ ಮೇಲೆ ನಿಂತಿರುವ ಸಂಬಂಧದ ನಡುವೆ ಕುಂಕುಮದ ಒಂದು ಕಣ ಬಂಡೆಯಂತೆ ಬಂದು ಕುಳಿತರೆ ಯಾವ ದೇವತೆಯೂ ಆ ಸರ್ಕ್ಯೂಟನ್ನು ಪೂರ್ತಿಗೊಳಿಸಲಾರಳು. ಪೂಜೆಯಾದ ಮರುದಿನ ಯಂತ್ರ ಕೆಟ್ಟರೆ ದೃಷ್ಟಿ ತಾಗಿತೆಂದು ನಿಂಬೆಹಣ್ಣು ಕಟ್ಟುವವರು ಮೊದಲು ಕನೆಕ್ಟರನ್ನು ಬಿಚ್ಚಿ ನೋಡಲಿ.

ಲೋಹಭಾಗದ ಕಥೆಯನ್ನು ಬೇಗ ಮುಗಿಸುತ್ತೇನೆ. ಸ್ಪ್ರಿಂಗಿನ ಗುಣಕ್ಕಾಗಿ ಫಾಸ್ಫರ್ ಬ್ರಾಂಜ್, ಬೆರಿಲಿಯಂ ತಾಮ್ರ ಮುಂತಾದ ಮಿಶ್ರಲೋಹಗಳ ಪಟ್ಟಿಗಳನ್ನು ಪ್ರೆಸ್ಸುಗಳಲ್ಲಿ ಕತ್ತರಿಸಿ ಬಾಗಿಸುತ್ತಾರೆ. ಅಲ್ಪ ವಿದ್ಯುತ್ತನ್ನು ಒಯ್ಯಬೇಕಾದ ಕಡೆ ನಿಕ್ಕಲ್ಲಿನ ಪೊರೆಯ ಮೇಲೆ ಚಿನ್ನವನ್ನು ಲೇಪಿಸುವುದುಂಟು. ಉತ್ತಮ ದರ್ಜೆಯ ಕನೆಕ್ಟರುಗಳಲ್ಲಿಯೂ ಈ ಲೇಪದ ದಪ್ಪ ಸಾಮಾನ್ಯವಾಗಿ ಮುಕ್ಕಾಲು ಮೈಕ್ರಾನ್, ತಲೆಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲು. ಚಿನ್ನಕ್ಕೆ ಕಿಲುಬು ಹಿಡಿಯದೆಂಬುದೇ ಅದರ ಹೆಗ್ಗಳಿಕೆ, ಆಡಂಬರಕ್ಕಾಗಿ ಹಾಕಿದ್ದಲ್ಲ.

ಇನ್ನು ನೆಂಟರು ಮೂದಲಿಸಿದ “ಪ್ಲಾಸ್ಟಿಕ್ ಡಬ್ಬಿ”ಗೆ ಬರೋಣ. ಅದು ಬರಿಯ ಹೊದಿಕೆಯಾಗಿದ್ದಿದ್ದರೆ ಅವರ ಮಾತನ್ನು ನಾನೂ ಒಪ್ಪುತ್ತಿದ್ದೆ. ಪಿನ್ನು ಗೂಡಿನ ಎದುರಿಗೆ ನೇರವಾಗಿ ನಿಂತಿರಬೇಕು; ಕವಚ ಕೂದಲೆಳೆಯಷ್ಟು ಸೊಟ್ಟಗಾದರೂ ಪಿನ್ನು ಒಂದು ಮಗ್ಗುಲಿಗೆ ವಾಲಿ, ಸ್ಪ್ರಿಂಗಿನ ಒಂದು ಕೈ ಸೋತು, ಮೇಲೆ ಹೇಳಿದ ಚಕ್ರ ಉರುಳತೊಡಗುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನೊಳಕ್ಕೆ ಒತ್ತುವ ಯಂತ್ರಕ್ಕೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಸೋದರರು 1872ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಇಂದಿನ ಯಂತ್ರ ಅದರ ಮೊಮ್ಮಗ. ಹಾಪರಿಗೆ ಸುರಿದ ಪ್ಲಾಸ್ಟಿಕ್ಕಿನ ಕಾಳುಗಳು ಬ್ಯಾರೆಲ್ಲಿನೊಳಗೆ ತಿರುಗುವ ಸ್ಕ್ರೂವಿನಿಂದ ಅರೆಯಲ್ಪಟ್ಟು, ಕರಗಿ, ನೂರಾರು ವಾಯುಭಾರಗಳ ಒತ್ತಡದಿಂದ ಒಂದೆರಡು ಕ್ಷಣಗಳಲ್ಲಿ ಉಕ್ಕಿನ ಅಚ್ಚನ್ನು ತುಂಬುತ್ತವೆ. ಅಚ್ಚಿನ ಸುತ್ತ ಹರಿಯುವ ನೀರು ಅದನ್ನು ಗಟ್ಟಿಗೊಳಿಸುತ್ತದೆ. ಅಚ್ಚು ಬಾಯ್ದೆರೆದು, ಸಿದ್ಧವಾದ ಭಾಗವನ್ನು, ಅಂದರೆ ಕಾಯಿಯನ್ನು, ಉದುರಿಸುತ್ತದೆ.

ಕನೆಕ್ಟರುಗಳಿಗೆ ಬಹಳವಾಗಿ ಬಳಕೆಯಾಗುವ ನೈಲಾನ್ 66ರ ಸ್ವಭಾವ ನಮ್ಮ ಹಪ್ಪಳದ ಸ್ವಭಾವಕ್ಕೆ ಹತ್ತಿರವಾದದ್ದು. ಅದಕ್ಕೆ ತೇವವೆಂದರೆ ಪ್ರಾಣ. ಮಳೆಗಾಲದ ಗಾಳಿಯಲ್ಲಿ ಚೀಲದ ಬಾಯಿ ತೆರೆದಿಟ್ಟರೆ ಸಾಕು, ನೀರನ್ನು ಹೀರಿಕೊಳ್ಳುತ್ತದೆ. ತೇವದ ಕಾಳನ್ನು ಹಾಗೆಯೇ ಬ್ಯಾರೆಲ್ಲಿಗೆ ಹಾಕಿದರೆ 260 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಆ ನೀರು ನೈಲಾನಿನ ನೀಳ ಅಣುಸರಪಳಿಗಳನ್ನು ತುಂಡರಿಸುತ್ತದೆ, ಕಾಯಿಯ ಮೈಮೇಲೆ ಬೆಳ್ಳಿಯ ಗೆರೆಗಳು ಮೂಡುತ್ತವೆ, ಕಾಯಿ ಕೈಯಲ್ಲೇ ಮುರಿಯುತ್ತದೆ. ಆದ್ದರಿಂದ ಕಾಳುಗಳನ್ನು ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ ಒಣಗಿಸಿದ ಮೇಲೆಯೇ ಅಚ್ಚಿಗೆ ಬಿಡುವುದು. ಇಲ್ಲಿಯವರೆಗೆ ಹಪ್ಪಳದ ನೀತಿಯೇ. ಮುಂದೆ ಮಾತ್ರ ಅದು ತಿರುಗುಮುರುಗಾಗುತ್ತದೆ: ಕರಿದ ಹಪ್ಪಳಕ್ಕೆ ತೇವ ತಗುಲಿದರೆ ಕೆಟ್ಟಿತು, ಅಚ್ಚಿನಿಂದ ಬಂದ ನೈಲಾನಿಗೆ ತೇವ ತಗುಲಿದರೇ ಚೆಂದ. ಒಣಗಿದ ಕಾಯಿ ಪೆಡಸಾಗಿರುತ್ತದೆ. ಎರಡು ಭಾಗಗಳನ್ನು “ಟಿಕ್” ಎಂದು ಬೆಸೆಯುವ ಕೊಕ್ಕೆಯನ್ನು ಬಾಗಿಸಹೋದರೆ ಮುರಿಯುತ್ತದೆ. ಅದಕ್ಕೆಂದೇ ಕೆಲವು ಕಡೆ ಹೊಸ ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸುತ್ತಾರೆ, ಇಲ್ಲವೇ ಚೀಲದಲ್ಲಿ ತುಂಬಿ ಅಳೆದ ನೀರನ್ನು ಸೇರಿಸಿ ಬಾಯಿ ಕಟ್ಟಿಡುತ್ತಾರೆ. ನೀರು ಕುಡಿದ ನೈಲಾನು ಕೊಂಚ ಹಿಗ್ಗುತ್ತದೆ ಕೂಡ; ಆ ಹಿಗ್ಗನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಲೆಕ್ಕ ಹಿಡಿಯುವವನು ಅಚ್ಚು ಮಾಡುವವನು. ಬರಿಯ ನೈಲಾನು ತಣಿಯುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆಂದರೆ 50 ಮಿಲಿಮೀಟರ್ ಉದ್ದದ ಕಾಯಿಗೆ ಮುಕ್ಕಾಲು ಮಿಲಿಮೀಟರ್ ದೊಡ್ಡದಾದ ಅಚ್ಚನ್ನು ಕೊರೆಯಬೇಕು. ಬಲಕ್ಕಾಗಿ ಗಾಜಿನ ನಾರನ್ನು ಬೆರೆಸಿದ ನೈಲಾನಾದರೆ, ಹರಿದ ದಿಕ್ಕಿಗೆ ನಾರುಗಳು ಸಾಲುಗಟ್ಟುವುದರಿಂದ, ಆ ದಿಕ್ಕಿನಲ್ಲಿ ಕಡಿಮೆಯೂ ಅಡ್ಡದಿಕ್ಕಿನಲ್ಲಿ ಹೆಚ್ಚಾಗಿಯೂ ಕುಗ್ಗಿ ಕಾಯಿ ತಿರುಚಿಕೊಳ್ಳುತ್ತದೆ. ಕವಚದಲ್ಲಿರುವ ಪ್ರತಿಯೊಂದು ತೂತೂ ಅಚ್ಚಿನಲ್ಲಿ ಒಂದು ಉಕ್ಕಿನ ಕಡ್ಡಿ. ಕರಗಿದ ಪ್ಲಾಸ್ಟಿಕ್ಕು, ಹೊಳೆಯ ನಡುವಣ ಬಂಡೆಯನ್ನು ಬಳಸುವ ನೀರಿನಂತೆ, ಕಡ್ಡಿಯನ್ನು ಬಳಸಿ ಸೀಳಿ ಹೋಗಿ ಆಚೆ ಪುನಃ ಕೂಡುತ್ತದೆ. ಕೂಡಿದ ಗೆರೆ ಸದಾ ದುರ್ಬಲ. ನಲವತ್ತು ತೂತಿನ ಕನೆಕ್ಟರಿನಲ್ಲಿ ಇಂಥ ನಲವತ್ತು ಗೆರೆಗಳು ಕೊಕ್ಕೆಯ ಬುಡಕ್ಕೆ ಬಾರದಂತೆ, ಪ್ಲಾಸ್ಟಿಕ್ಕು ಒಳನುಗ್ಗುವ ಗೇಟನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಡಬ್ಬಿ ಒತ್ತುವ ಕೆಲಸವೆಂದು ಹೇಳುವ ಎದೆಗಾರಿಕೆ ನನಗಿಲ್ಲ.

ಇಲ್ಲಿಯೇ ನನಗೆ ಪರಮಪ್ರಿಯವಾದ ಒಂದು ಉಪಾಖ್ಯಾನವನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯೆತ್ ದೇಶದ ಬೊರಿಸ್ ಮತ್ತು ನತಾಲ್ಯಾ ಲಜರೆಂಕೊ ಎಂಬ ವಿಜ್ಞಾನಿ ದಂಪತಿಗಳಿಗೆ ವಹಿಸಲಾದ ಕೆಲಸವೇನೆಂದರೆ, ಟಂಗ್‌ಸ್ಟನ್ನಿನ ವಿದ್ಯುತ್ ಸಂಪರ್ಕಗಳು ಕಿಡಿಯಿಂದ ಸವೆದುಹೋಗುವುದನ್ನು ತಡೆಯುವುದು. ಸವೆತವನ್ನು ತಡೆಯುವುದು ಅವರಿಂದಾಗಲಿಲ್ಲ. ಆದರೆ ಲೋಹಗಳನ್ನು ಎಣ್ಣೆಯಂಥ ವಿದ್ಯುನ್ನಿರೋಧಕ ದ್ರವದಲ್ಲಿ ಮುಳುಗಿಸಿದಾಗ ಕಿಡಿಯ ಕೊರೆತ ಅಡ್ಡಾದಿಡ್ಡಿಯಾಗಿರದೆ ಹಿಡಿತಕ್ಕೆ ಸಿಗುವಂತಿದೆ ಎಂಬುದನ್ನು ಕಂಡುಕೊಂಡ ಅವರು, 1943ರ ಹೊತ್ತಿಗೆ, ಶತ್ರುವನ್ನೇ ಸೇವಕನನ್ನಾಗಿ ಮಾಡಿಕೊಂಡಿದ್ದರು: ಎಷ್ಟೇ ಗಡಸಾದ ಉಕ್ಕನ್ನಾದರೂ ಮುಟ್ಟದೆಯೇ ಕಿಡಿಗಳಿಂದ ಕೊರೆಯುವ ವಿಧಾನ ಹುಟ್ಟಿತು. ಇಂದು ಪ್ರತಿಯೊಂದು ದೊಡ್ಡ ಟೂಲ್ ರೂಮಿನಲ್ಲಿಯೂ ಇಡಿಎಂ ಎಂಬ ಹೆಸರಿನ ಆ ಯಂತ್ರವಿದೆ. ಕನೆಕ್ಟರಿನ ಅಚ್ಚುಗಳ ಸಂದುಗೊಂದುಗಳನ್ನು ಕೊರೆಯುವುದು ಅದೇ. ಸಂಪರ್ಕಗಳನ್ನು ತಿಂದುಹಾಕುತ್ತಿದ್ದ ಕಿಡಿಯೇ ಸಂಪರ್ಕಗಳನ್ನು ಕಾಯುವ ಕವಚಕ್ಕೆ ಅಚ್ಚನ್ನು ಕೆತ್ತಿಕೊಡುತ್ತಿದೆ. ಪುರಾಣಕಾರರಿಗೆ ಸಿಕ್ಕಿದ್ದರೆ ಇದರಿಂದ ಒಂದು ಶಾಪವಿಮೋಚನೆಯ ಅಧ್ಯಾಯವನ್ನೇ ಕಟ್ಟುತ್ತಿದ್ದರು.

ಪತ್ರ ಬರೆದ ಮಹನೀಯರಿಗೆ ಮರೆಮಾಚದೆ ಹೇಳಬೇಕಾದ ಮಾತೂ ಇದೆ. ಮೋಲ್ಡಿಂಗ್ ವಿಭಾಗದಲ್ಲಿ ಹೊಸಬನಿಗೆ ಮೊದಲು ಸಿಗುವುದು ಕಾಯಿ ಎತ್ತುವ, ಗೇಟು ಕತ್ತರಿಸುವ, ಅಂಚಿನಲ್ಲಿ ಹೊರಚಾಚಿದ ಫ್ಲ್ಯಾಷನ್ನು ಕೆರೆಯುವ ಕೆಲಸ. ರಾತ್ರಿಯ ಶಿಫ್ಟೂ ತಪ್ಪದು. ಸಂಬಳ ಆರಂಭದಲ್ಲಿ ಹೇಳಿಕೊಳ್ಳುವಂತಿರದು. ಆ ಎತ್ತುವ ಕೆಲಸವನ್ನು ಈಗ ಅನೇಕ ಕಡೆ ಯಂತ್ರದ ಕೈಗಳು ಕಸಿದುಕೊಂಡಿವೆ. ಅಲ್ಲಿಯೇ ನಿಂತವನಿಗೆ ನೆಂಟರ ಮೂದಲಿಕೆ ನಿಜವಾಗುತ್ತದೆ. ಆದರೆ ಈ ಕಾಯಿ ಏಕೆ ತಿರುಚಿತು, ಆ ಮೂಲೆ ಏಕೆ ತುಂಬಲಿಲ್ಲ ಎಂದು ಕೇಳುವ ಹುಡುಗ ಬೇಗನೆ ಯಂತ್ರವನ್ನು ಅಣಿಗೊಳಿಸುವ ಸೆಟ್ಟರ್ ಆಗುತ್ತಾನೆ, ಒತ್ತಡ ಶಾಖಗಳ ಹದವನ್ನು ಬಲ್ಲವನಾಗುತ್ತಾನೆ, ಮೈಕ್ರೋಮೀಟರನ್ನೂ ಪ್ರೊಫೈಲ್ ಪ್ರೊಜೆಕ್ಟರನ್ನೂ ಓದಬಲ್ಲ ತಪಾಸಣೆಗಾರನಾಗುತ್ತಾನೆ. ಫಿಟ್ಟರ್ ಶಿಕ್ಷಣ ಪಡೆದವನಿಗೆ ಟೂಲ್ ರೂಮಿನ ಬಾಗಿಲು ಎಂದೂ ಮುಚ್ಚಿಲ್ಲ. ಅಚ್ಚು ಮಾಡುವ ವಿದ್ಯೆಯನ್ನೇ ಕ್ರಮವಾಗಿ ಕಲಿಯಬೇಕೆಂದಿದ್ದರೆ, ಡೆನ್ಮಾರ್ಕ್ ಸರಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ, ಅಂದರೆ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಇಂದು ರಾಜ್ಯದ ಅನೇಕ ಊರುಗಳಲ್ಲಿದೆ. ಪ್ಲಾಸ್ಟಿಕ್ಕಿನ ಶಾಸ್ತ್ರಕ್ಕೆ ಮೈಸೂರಿನಲ್ಲಿ ಸಿಪೆಟ್ ಎಂಬ ಸಂಸ್ಥೆ ಇದೆ.

ಆದುದರಿಂದ ಹುಡುಗನನ್ನು ಸಂಕೋಚವಿಲ್ಲದೆ ಕಳುಹಿಸಿಕೊಡಿ. ಹೊರಡುವ ಮುನ್ನ ಆ ಕಂದಿದ ಪ್ಲಗ್ಗನ್ನು ಅವನ ಕೈಯಿಂದಲೇ ಬಿಚ್ಚಿಸಿ, ಹೊಸದನ್ನು ಹಾಕಿಸಿ. ಪ್ಲಗ್ಗೊಂದನ್ನೇ ಬದಲಾಯಿಸಿದರೆ ಸಾಲದು. ಸೋತಿರುವುದು ಬಹುಶಃ ಸಾಕೆಟ್ಟಿನ ಒಳಗಿನ ಸ್ಪ್ರಿಂಗು, ಅದನ್ನೂ ಬದಲಾಯಿಸಬೇಕು. ಮೇನ್ ಸ್ವಿಚ್ಚನ್ನು ಆರಿಸಿದ ಮೇಲೆಯೇ ಸ್ಕ್ರೂಡ್ರೈವರಿಗೆ ಕೈ ಹಾಕಲಿ.