ಜೀಪಿನ ಅನುಕರಣಾವ್ಯಯಗಳು

ಕಟಕಟ, ಗರಗರ, ಕಿರಕಿರ, ಟಣ್, ಗುಂಯ್. ಇವನ್ನು ಅನುಕರಣಾವ್ಯಯಗಳೆಂದು ವ್ಯಾಕರಣದ ಮೇಷ್ಟ್ರು ಬರೆಸಿದಾಗ, ಮುಂದೊಂದು ದಿನ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ ಇವೇ ಪದಗಳಿಗೆ ತಡಕಾಡಬೇಕಾದೀತೆಂದು ನಾನು ಎಣಿಸಿರಲಿಲ್ಲ. ಸಂಪಾದಕರು ಕೇಳಿದ್ದು ಕವಿತೆ. ಸಿಕ್ಕಿದ್ದು ಇದು.

ಸಂಗತಿ ಇಷ್ಟು. ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ನನ್ನ ಹಳೆಯ ಮಹೀಂದ್ರಾ ಜೀಪಿನಲ್ಲಿ ವಿಕಾರಾಬಾದಿನ ಅನಂತಗಿರಿ ಕಡೆ ಹೋಗಿದ್ದೆವು. (1908ರಲ್ಲಿ ಹೈದರಾಬಾದನ್ನು ಮುಳುಗಿಸಿದ ಮೂಸಿ ನದಿ ಹುಟ್ಟುವುದು ಈ ಗುಡ್ಡಗಳಲ್ಲೇ, ಹುಟ್ಟಿದ ಕಡೆ ನೋಡಿದರೆ ಅಷ್ಟು ಅನಾಹುತ ಮಾಡಿದ್ದು ಇದೇ ಅಂತ ನಂಬಿಕೆ ಬರೋದಿಲ್ಲ.) ಗುಡ್ಡದ ಕೆಳಗಿನ ದಾರಿಗಳಲ್ಲಿ ಕೆಸರು, ಕಲ್ಲು, ಎರಡು ಹಳ್ಳ. ನಾಲ್ಕೂ ಗಾಲಿಗೆ ಬಲ ಕೊಡುವ ಗೇರು ಹಾಕಿ ದಾಟಿದ್ದಾಯಿತು, ಚಪ್ಪಾಳೆ ಹೊಡೆದದ್ದೂ ಆಯಿತು. ಟಾರು ರಸ್ತೆಗೆ ಬಂದ ಮೇಲೆ ಸುರುವಾಯಿತು ನೋಡ್ರಿ ಸದ್ದು! ಚೇವೆಳ್ಳ ರಸ್ತೆಯ ಆಲದ ಮರಗಳ ಕೆಳಗೆ ಹಾಯುವಾಗ ಅದು ನಾಲ್ವರಿಗೆ ನಾಲ್ಕು ಕಡೆಯಿಂದ ಕೇಳಿಸಿತು. "ಹಿಂದಿನ ಕ್ರೌನ್-ಪಿನಿಯನ್ ಹೋಗ್ಯಾವ ದೋಸ್ತ" ಎಂದು ಒಬ್ಬ ತೀರ್ಪು ಕೊಟ್ಟ. ಮರುದಿನ ನಗರದ ಒಂದು ವರ್ಕ್‌ಷಾಪಿನವರೂ ಒಂದು ಸುತ್ತು ಓಡಿಸಿ ಅದನ್ನೇ ಅಂದರು. ಬಿಚ್ಚಿ ಹೊಸದು ಹಾಕಲು ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಸಂಬಳದ ಭಯದಿಂದಲೇ ಒಬ್ಬ ವಯಸ್ಸಾದ ಮಿಸ್ತ್ರಿಯವರ ಹತ್ತಿರ ಹೋದೆ. "ಚಾಚಾ, ಪೀಛೇ ಸೇ ಆವಾಜ್ ಆ ರಹೀ" ಎಂದೆ. ಅವರು ತಲೆ ಎತ್ತದೆಯೇ, "ಕಹಾಂ ಸೇ ನಕ್ಕೋ ಬೋಲೋ ಮಿಯಾ, ಕಬ್ ಆತಾ ಸೋ ಬೋಲೋ" ಎಂದರು. ಎಲ್ಲಿಂದ ಅನ್ನಬೇಡ, ಯಾವಾಗ ಬರುತ್ತದೆ ಹೇಳು. ಈ ಲೇಖನವೆಲ್ಲ ಆ ದಖನಿ ವಾಕ್ಯಕ್ಕೆ ನಾನು ಬರೆದ ಟೀಕು ಅಷ್ಟೆ.

'ಎಲ್ಲಿಂದ' ಎಂಬುದನ್ನು ಕಿವಿ ಯಾಕೆ ಹೇಳಲಾರದು? ಎಂಜಿನ್ನಿನ ಬಲ ಕ್ಲಚ್ಚು, ಗೇರ್‌ಬಾಕ್ಸು ದಾಟಿ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಶಾಫ್ಟು ಹೌಸಿಂಗಿನೊಳಗಿನ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ನು ಕ್ರೌನ್ ಚಕ್ರವನ್ನು, ಕ್ರೌನು ಆಕ್ಸಲ್ಲನ್ನು, ಆಕ್ಸಲ್ಲು ಗಾಲಿಯನ್ನು. ಎಲ್ಲವೂ ಒಂದೇ ಕಬ್ಬಿಣದ ಚೌಕಟ್ಟಿಗೆ ಸೇರಿಕೊಂಡಿರುವುದರಿಂದ ಒಂದು ತುದಿಯ ಸದ್ದು ಇನ್ನೊಂದು ತುದಿಯಲ್ಲಿ ಮೊಳಗುತ್ತದೆ. ಆದರೆ ಈ ಒಂದೊಂದು ಭಾಗ ತಿರುಗುವ ವೇಗ ಬೇರೆ, ಅದರ ಮೇಲೆ ಹೊರೆ ಬೀಳುವ ಹೊತ್ತು ಬೇರೆ. ಅದನ್ನು ಅವು ಮುಚ್ಚಿಡಲಾರವು.

ಚಾಚಾ ಪಕ್ಕದಲ್ಲಿ ಕೂತು ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಬಿಡಿಸಿದರು. ಹಳೆಯ ಜೀಪುಗಳಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಸುಮಾರು 5 ಸುತ್ತು ಬಂದಿರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 2.5 ಸುತ್ತು, ಶಾಫ್ಟು 12ರ ಆಸುಪಾಸು. ಅಂದಮೇಲೆ ಬೆರಳು ಮಡಚಿ ಎಣಿಸಲಿಕ್ಕೆ ಬರುವ ಸದ್ದು ಗಾಲಿಯದು. ಎಣಿಸುವಷ್ಟರಲ್ಲಿ ಒಂದಕ್ಕೊಂದು ಕೂಡಿಕೊಂಡು ಹೋಗುವುದು ಶಾಫ್ಟಿನದು. ನಮ್ಮ ಗರ್... ಗರ್... ಎಣಿಸಲಿಕ್ಕೆ ಬಂತು. ಎಡ ಹಿಂಗಾಲಿ ಬಿಚ್ಚಿದರೆ, ಬ್ರೇಕ್ ಡ್ರಮ್ಮಿಗೂ ಅದರ ಹಿಂದಿನ ತಗಡಿಗೂ ನಡುವೆ ಅನಂತಗಿರಿಯ ಒಂದು ಕಲ್ಲು, ಗೋಲಿಯಷ್ಟು! ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದದ್ದಕ್ಕೆ ಖರ್ಚು ಏನೂ ಇಲ್ಲ.

ಕ್ರೌನ್-ಪಿನಿಯನ್ ನಿರಪರಾಧಿ ಎಂಬುದಕ್ಕೂ ಸಾಕ್ಷಿ ಬೇಕಲ್ಲ. ಅದರ ಹಲ್ಲು ಸವೆದಿದ್ದರೆ ಸದ್ದು ಉದ್ದನೆಯ ಗುಂಯ್, ಮತ್ತು ಅದು ಕಾಲಿನ ಮಾತು ಕೇಳುತ್ತದೆ: ಆಕ್ಸಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು, ಇಲ್ಲವೇ ಮೌನ. ನಮ್ಮದು ಬದಲಾಗಲಿಲ್ಲ. ನ್ಯೂಟ್ರಲ್ಲಿಗೆ ತಂದು ಸುಮ್ಮನೆ ಉರುಳಲು ಬಿಟ್ಟಾಗಲೂ ಹಾಗೇ ಇತ್ತು, ಆದ್ದರಿಂದ ಎಂಜಿನ್ನೂ ಕ್ಲಚ್ಚೂ ಬಚಾವ್. (ಹೀಗೆ ಉರುಳುವಾಗ ಚಾವಿ ಮಾತ್ರ ಆಫ್ ಮಾಡಬ್ಯಾಡ್ರಿ.) ಗಾಲಿಯ ಬೇರಿಂಗ್ ಆಗಿದ್ದರೆ ತಿರುವಿನಲ್ಲಿ ಗೊತ್ತಾಗುತ್ತದೆ: ಎಡಕ್ಕೆ ತಿರುಗಿಸಿದರೆ ಭಾರ ಬಲಗಾಲಿಯ ಮೇಲೆ ಬಿದ್ದು ಬಲದ ಬೇರಿಂಗ್ ಜೋರಾಗಿ ಕೂಗುತ್ತದೆ. ಕೊನೆಗೆ ಹೌಸಿಂಗಿನ ಎಣ್ಣೆ ತುಂಬುವ ಬಿರಡೆ ಬಿಚ್ಚಿ ಬೆರಳು ಅದ್ದಿ ನೋಡಿದರು. ಓಡಿ ಕಾದ ಹೌಸಿಂಗ್ ತಣ್ಣೀರಿನ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ತೂತಿನಿಂದಲೋ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಸದ್ದಿಲ್ಲದಿದ್ದರೂ ಎಣ್ಣೆ ಬದಲಿಸಲೇಬೇಕು. ನಮ್ಮದರಲ್ಲಿ ಮಜ್ಜಿಗೆಯೂ ಇಲ್ಲ, ಲೋಹದ ಚೂರೂ ಇಲ್ಲ.

ನಾನು ಕಿಸೆಗೆ ಕೈ ಹಾಕಿ ಖುಷಿಯಿಂದ ಹೊರಡುವವನಿದ್ದೆ. ಚಾಚಾ "ಠೈರೋ" ಎಂದರು. ಕಲ್ಲಿನ ಆರ್ಭಟ ನಿಂತ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕೇಳಿತು: ಗುಬ್ಬಿಯ ಹಾಗೆ ಚಿಂವ್‌ಚಿಂವ್‌ಚಿಂವ್, ನಿಧಾನಕ್ಕೆ ಹೋಗುವಾಗ ಮಾತ್ರ. ಎಣಿಸಲಿಕ್ಕೆ ಬರಲಿಲ್ಲ. ಜತೆಗೆ ರಿವರ್ಸ್ ಹಾಕಿ ಕ್ಲಚ್ಚು ಬಿಡುವಾಗ ಒಂದು ಟಣ್. ನಾಲ್ವರಲ್ಲಿ ಒಬ್ಬನಿಗೂ ಇದು ಕೇಳಿಸಿರಲಿಲ್ಲ. ವರ್ಕ್‌ಷಾಪಿನವರ ಚೀಟಿಯಲ್ಲಿಯೂ ಇರಲಿಲ್ಲ.

ಗಾಲಿಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಹಿಂದಿನ ಶಾಫ್ಟನ್ನು ಕೈಯಿಂದ ಆಚೀಚೆ ತಿರುಗಿಸಿ ನೋಡಿದರು. ಮುಂದಿನ ತುದಿಯ ಯೂನಿವರ್ಸಲ್ ಜಾಯಿಂಟಿನಲ್ಲಿ ಸಡಿಲ. ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ. ಈ ಜಾಯಿಂಟಿನ ಶಿಲುಬೆಗೆ, ಮಿಸ್ತ್ರಿಗಳ ಬಾಯಲ್ಲಿ 'ಕ್ರಾಸ್', ನಾಲ್ಕು ತುದಿಗೂ ಒಂದೊಂದು ಬಟ್ಟಲು. ಬಟ್ಟಲೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ಹಳ್ಳದ ನೀರು ಗ್ರೀಸು ತೊಳೆಯುತ್ತದೆ, ಕೆಸರು ಒಳಹೊಕ್ಕು ಸಾಣೆ ಹಿಡಿಯುತ್ತದೆ. ಕಲ್ಲು ಹತ್ತುವಾಗ ಆಕ್ಸಲ್ಲು ಜೋತುಬಿದ್ದು ಕೋನ ಹೆಚ್ಚಾದಾಗ ಕ್ರಾಸಿಗೆ ಇನ್ನಷ್ಟು ಯಾತನೆ. ಉರುಳೆಗಳು ತುಕ್ಕು ಹಿಡಿದು ಪುಡಿಯಾದರೆ ಹೊರಗೆ ಕಾಣುವುದು ಆ ಕೆಂಪು. ಹಾಗೇ ಓಡಿಸಿ, ವೇಗದಲ್ಲಿದ್ದಾಗ ಮುಂದಿನ ಕ್ರಾಸು ಮುರಿಯಿತೆನ್ನಿ, ಶಾಫ್ಟಿನ ತುದಿ ಕಳಚಿ ರಸ್ತೆಗೆ ನಾಟಿಕೊಳ್ಳಬಹುದು. ಜೀಪು ಅದರ ಮೇಲೆ ಎಗರುತ್ತದೆ. ಕಲ್ಲಿನ ಗರ್ ಕೇಳಿ ಹೆದರಿದ್ದ ನಾನು, ಈ ಗುಬ್ಬಿಯನ್ನು ಕೂಡಿಸಿಕೊಂಡು ಚೇವೆಳ್ಳದಿಂದ ಮನೆಯವರೆಗೆ ಬಂದಿದ್ದೆ.

ಇನ್ನೊಂದು ಟಣ್ ಇದೆ, ಅದು ರೋಗವಲ್ಲ. ನಾಲ್ಕೂ ಗಾಲಿಯ ಗೇರು ತೆಗೆಯಲು ಮರೆತು ಒಣ ಟಾರಿನ ಮೇಲೆ ಬಂದರೆ, ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕಾಗುತ್ತದೆ. ಇಂಥ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟು ಬಿಗಿಯಾಗಿ ಜತೆಗೂಡಿರುತ್ತವೆ. ಕೆಸರಿನಲ್ಲಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ, ಟಾರಿನಲ್ಲಿ ಜಾರುವುದಿಲ್ಲ. ಒಳಗೆ ತಿರುಚಿಕೊಂಡ ಬಿಗಿ ಟಣ್ಣೆಂದು ಬಿಡುತ್ತದೆ, ಲಿವರ್ರು ಜಗ್ಗಿದರೂ ಬರೋದಿಲ್ಲ. ನೆಟ್ಟಗೆ ನಾಲ್ಕು ಮಾರು ರಿವರ್ಸ್ ಹೋದರೆ ಸಡಿಲವಾಗುತ್ತದೆ. ಇನ್ನು ವೇಗ ಏರಿದಾಗ ಮಾತ್ರ ಬರುವ ನಡುಕಕ್ಕೆ ರಿಮ್ಮಿನ ಒಳಗೆ ಒಣಗಿದ ಕೆಸರನ್ನು ಮೊದಲು ಕೆರೆಯಿರಿ.

ಹೊಸ ಕ್ರಾಸ್ ಹಾಕಿಸಿ, ಗ್ರೀಸ್ ನಿಪ್ಪಲ್ಲಿಗೆ ಗನ್ ಹಚ್ಚಿ ನಾಲ್ಕೂ ಬಟ್ಟಲಿನ ಅಂಚಿನಲ್ಲಿ ಗ್ರೀಸು ಇಣುಕುವವರೆಗೆ ಒತ್ತಿದ್ದಾಯಿತು. ಹಳ್ಳ ದಾಟಿದ ಪ್ರತಿ ಸಲವೂ ಹೀಗೆ ಒತ್ತಬೇಕೆಂದು ಅಪ್ಪಣೆಯಾಗಿದೆ. ತೆಗೆದ ಕ್ರಾಸಿನ ಒಂದು ಬಟ್ಟಲನ್ನು ಚಾಚಾ ನನ್ನ ಅಂಗೈಯಲ್ಲಿ ಬೋರಲು ಹಾಕಿದರು. ಸೂಜಿಗಳು ಬೀಳಲಿಲ್ಲ. ಬಿದ್ದದ್ದು ಚಿಟಿಕೆ ಕೆಂಪು ಪುಡಿ.