ಮರಿ ಹಾಕಿದ ನಾಯಿ ಕಚ್ಚಿದರೆ

ಆಸ್ಟ್ರೇಲಿಯಾದ ಕಾಡುನಾಯಿ ಡಿಂಗೊ ನಮ್ಮ ಬೀದಿನಾಯಿಯ ದೂರದ ನೆಂಟ. ಅಲ್ಲಿನ ನಾಯಿಗಳಲ್ಲಿ ರೇಬೀಸ್ ಇಲ್ಲ; ನಮ್ಮಲ್ಲಿದೆ.

ಚಳಿಗಾಲದಲ್ಲಿ ಶಹಾಬಾದ್, ವಾಡಿಯ ಕಲ್ಲುಗಣಿಗಳ ಸಂದಿಯಲ್ಲಿ, ಸೇಡಂ, ಚಿತ್ತಾಪುರದ ಹಿತ್ತಿಲುಗಳಲ್ಲಿ ನಾಯಿಗಳು ಮರಿ ಹಾಕುತ್ತವೆ. ಮರಿ ಎತ್ತಲು ಹೋದ ಮಗುವನ್ನು ತಾಯಿನಾಯಿ ಕಚ್ಚುವುದು ಸಹಜ. ಆದರೆ ಅದಕ್ಕೆ ಹುಚ್ಚಿಲ್ಲವೆಂದು ನೋಡಿ ಹೇಳಲಾಗದು. ಲಕ್ಷಣ ಕಾಣುವ ಮೊದಲೇ ರೋಗಾಣು ಜೊಲ್ಲಿಗೆ ಬಂದಿರಬಹುದು. ಮರಿ ಕಚ್ಚಿದರೂ ಅಷ್ಟೇ.

ಸುಣ್ಣ, ಖಾರಪುಡಿ ಹಚ್ಚಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ತೋಳಿಗೆ ಲಸಿಕೆ ಅಂದು, ನಂತರ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೇ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ನಾಯಿಯನ್ನು 10 ದಿನ ಗಮನಿಸಿ, ಆದರೆ ಅದಕ್ಕಾಗಿ ಸೂಜಿ ತಡಮಾಡಬೇಡಿ. ಚಿಂಚೋಳಿ ಕಾಡಂಚಿನಲ್ಲಿ ತೋಳ, ನರಿ ಕಚ್ಚಿದರಂತೂ ಕಾದು ನೋಡುವ ಮಾತೇ ಇಲ್ಲ. ಹೊಟ್ಟೆಗೆ 14 ಸೂಜಿ ಚುಚ್ಚುವ ಕಾಲ ಎಂದೋ ಹೋಯಿತು, ಹೆದರಬೇಡಿ.