ಕ್ಯಾನ್ಸರ್ ರೋಗಿಗಳಲ್ಲಿ ಹತಾಶೆ

ಮುಂದಿನ ದಿನಗಳಲ್ಲಿ ಒಳಿತೇನೂ ಉಳಿದಿಲ್ಲವೆಂಬ ಭಾವನೆ ಕ್ಯಾನ್ಸರ್ ರೋಗಿಯ ಮನಸ್ಸಿನಲ್ಲಿ ಬೇರೂರುವ ಸ್ಥಿತಿಯೇ ಹತಾಶೆ. ಇದು ಖಿನ್ನತೆಯೊಡನೆ ಕಾಣಿಸಿಕೊಂಡರೂ ಅದರಿಂದ ಭಿನ್ನವಾದುದು. ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಹೋದ್ಯೋಗಿಗಳು 1974ರಲ್ಲಿ ಪ್ರಕಟಿಸಿದ, 20 ಹೇಳಿಕೆಗಳುಳ್ಳ ಮಾಪಕವು ಇದನ್ನು ಅಳೆಯಲು ಬಳಕೆಯಲ್ಲಿದೆ.

ಮಾನಸಿಕ ಕಾರಣಗಳು

ಶಮನವಾಗದ ನೋವು, ನಿದ್ರಾಹೀನತೆ, ರೋಗ ಮರುಕಳಿಸುವ ಭಯ ಹಾಗೂ ಕ್ಯಾನ್ಸರ್ ಎಂದರೆ ಸಾವೇ ಎಂಬ ನಂಬಿಕೆ ಹತಾಶೆಯನ್ನು ಹೆಚ್ಚಿಸುತ್ತವೆ. ಆರಂಭದಲ್ಲೇ ಪತ್ತೆಯಾದ ಹಲವು ಬಗೆಯ ಕ್ಯಾನ್ಸರ್‌ಗಳು ಗುಣವಾಗಬಲ್ಲವು ಎಂಬುದನ್ನು ಈ ನಂಬಿಕೆ ಮರೆಮಾಡುತ್ತದೆ.

ಕೌಟುಂಬಿಕ ಕಾರಣಗಳು

ರೋಗದ ಹೆಸರನ್ನು ರೋಗಿಗೆ ತಿಳಿಸದಂತೆ ಮನೆಯವರು ವೈದ್ಯರನ್ನು ಕೋರುವುದು ಭಾರತದಲ್ಲಿ ಸಾಮಾನ್ಯ. ಇದರ ಹಿಂದಿರುವುದು ಪ್ರೀತಿಯೇ. ಆದರೆ ರೋಗಿಯು ನಿಜವನ್ನು ಊಹಿಸಿಕೊಂಡು, ಮನೆಯವರನ್ನು ನೋಯಿಸಬಾರದೆಂದು ತಾನೂ ಮೌನ ತಾಳಬಹುದು. ಆಗ ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗುತ್ತಾರೆ. ಮನೆಗೆ ಹೊರೆಯಾದೆನೆಂಬ ಅಳುಕು ಇದಕ್ಕೆ ಸೇರುತ್ತದೆ.

ಮಂಡ್ಯ ಜಿಲ್ಲೆಯ ಸಂದರ್ಭ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಕೃಷಿಪ್ರಧಾನ ತಾಲ್ಲೂಕುಗಳು. ವಿಕಿರಣ ಚಿಕಿತ್ಸೆಯು ಹಲವು ವಾರಗಳವರೆಗೆ, ಸಾಮಾನ್ಯವಾಗಿ ವಾರಕ್ಕೆ ಐದು ದಿನ ನಡೆಯುತ್ತದೆ. ಇದಕ್ಕಾಗಿ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗಬೇಕಾದಾಗ, ಜೊತೆಗಿರುವವರ ಕೂಲಿ ತಪ್ಪುತ್ತದೆ, ಕಬ್ಬು-ಭತ್ತದ ಕೆಲಸ ನಿಲ್ಲುತ್ತದೆ. ಈ ನಷ್ಟಕ್ಕೆ ತಾನೇ ಕಾರಣನೆಂದು ಭಾವಿಸಿದ ರೋಗಿಯು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವ ಅಪಾಯವಿದೆ.

ಪರಿಹಾರ

ರೋಗಿಗೆ ಏನು ಗೊತ್ತಿದೆ, ಎಷ್ಟು ತಿಳಿಯುವ ಇಚ್ಛೆಯಿದೆ ಎಂದು ಮೊದಲು ಕೇಳಿ, ಮನೆಯವರ ಸಮ್ಮುಖದಲ್ಲಿ ಹಂತಹಂತವಾಗಿ ವಿವರಿಸುವುದು ಒಳ್ಳೆಯ ಕ್ರಮ. ನೋವುಶಮನ, ಆಪ್ತಸಮಾಲೋಚನೆ, ಉಪಶಾಮಕ ಆರೈಕೆಗಳೂ ನೆರವಾಗುತ್ತವೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ರೋಗಿಗಳೂ ಆರೈಕೆದಾರರೂ ಉಚಿತವಾಗಿ ಸಲಹೆ ಪಡೆಯಬಹುದು.